ಅಮೆರಿಕದಲ್ಲಿ ಪಿ.ಇ. (ಪ್ರೊಫೆಷನಲ್ ಎಂಜಿನಿಯರ್) ಲೈಸೆನ್ಸ್: ಪರೀಕ್ಷೆ ಆಮೇಲೆ, ಮೊದಲು ಕಾಗದಪತ್ರ

ಹೊಸ_ಸಿವಿಲ್

ಎಲ್ಲರಿಗೂ ನಮಸ್ಕಾರ. ವಿ.ಟಿ.ಯು. 2010ರ ಸ್ಕೀಮ್‌ನಲ್ಲಿ ಬಿ.ಇ. ಸಿವಿಲ್, ಆಮೇಲೆ ಇಲ್ಲಿ ಅಮೆರಿಕದಲ್ಲಿ ಎಂ.ಎಸ್. ಈಗ ಟೆಕ್ಸಾಸ್‌ನಲ್ಲಿ ಸ್ಟ್ರಕ್ಚರಲ್ ಡಿಸೈನ್ ಕೆಲಸ. ಮುಂದೆ ಕ್ಯಾಲಿಫೋರ್ನಿಯಾಗೆ ಹೋಗುವ ಸಾಧ್ಯತೆ ಇದೆ. ಎಫ್.ಇ. (ಫಂಡಮೆಂಟಲ್ಸ್ ಆಫ್ ಎಂಜಿನಿಯರಿಂಗ್, ಮೊದಲ ಹಂತದ ಪರೀಕ್ಷೆ) ಕೂಡ ಇನ್ನೂ ಬರೆದಿಲ್ಲ. ಟೆಕ್ಸಾಸ್‌ನಲ್ಲೇ ಪಿ.ಇ. ತಗೊಂಡು ಆಮೇಲೆ ಟ್ರಾನ್ಸ್‌ಫರ್ ಮಾಡಿಸಿಕೊಂಡರೆ ಆಗುತ್ತಾ? ಓದೋಕೆ ಯಾವಾಗ ಕೂರಬೇಕು?

ನೀರುಗಂಟಿ

ಓದು ಸ್ವಲ್ಪ ತಡವಾದರೂ ನಡೆಯುತ್ತದೆ. ತಡವಾದರೆ ಕೈಕೊಡುವುದು ಕಾಗದಪತ್ರ. ಅದನ್ನು ಇವತ್ತೇ ಶುರು ಮಾಡಿ.

ಪರೀಕ್ಷೆ ನಡೆಸುವುದು ಎನ್‌ಸಿಇಇಎಸ್ ಅನ್ನುವ ರಾಷ್ಟ್ರೀಯ ಮಂಡಳಿ, ಅದು ಇಡೀ ದೇಶಕ್ಕೆ ಒಂದೇ. ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಬೋರ್ಡ್. "ಅಮೆರಿಕದ ಪಿ.ಇ." ಅಂತ ಒಂದು ಲೈಸೆನ್ಸ್ ಇಲ್ಲವೇ ಇಲ್ಲ, ಟೆಕ್ಸಾಸ್ ಪಿ.ಇ., ಕ್ಯಾಲಿಫೋರ್ನಿಯಾ ಪಿ.ಇ. ಹೀಗೆಯೇ ಇರುವುದು. ಮೊದಲ ಕಾನೂನು ಬಂದದ್ದು 1907ರಲ್ಲಿ, ವ್ಯೋಮಿಂಗ್‌ನಲ್ಲಿ. ಟೆಕ್ಸಾಸ್ ಎಚ್ಚೆತ್ತಿದ್ದು 1937ರಲ್ಲಿ, ನ್ಯೂ ಲಂಡನ್ ಊರಿನ ಶಾಲೆ ಗ್ಯಾಸ್ ಸೋರಿ ಸ್ಫೋಟಗೊಂಡ ಮೇಲೆ. ಹೀಗೆ ಒಂದೊಂದು ರಾಜ್ಯವೂ ತನ್ನದೇ ಕಾರಣಕ್ಕೆ, ತನ್ನದೇ ಕಾಲದಲ್ಲಿ ಕಾನೂನು ಮಾಡಿಕೊಂಡಿದೆ. ಆದ್ದರಿಂದಲೇ ನಿಯಮಗಳು ಒಂದರ ಹಾಗೆ ಇನ್ನೊಂದಿಲ್ಲ.

ಎಲ್ಲ ಕಡೆಯೂ ಬೇಕಾಗುವುದು ಇಷ್ಟು: ಒಪ್ಪಿತವಾದ ಡಿಗ್ರಿ, ಎಫ್.ಇ., ಸಾಮಾನ್ಯವಾಗಿ 4 ವರ್ಷದ ಅನುಭವ, ಪಿ.ಇ. ಪರೀಕ್ಷೆ, ಅದರ ಮೇಲೆ ರಾಜ್ಯ ಕೇಳುವ ಸ್ವಂತ ಪರೀಕ್ಷೆ. ಅನುಭವ ಪೂರ್ತಿಯಾಗುವ ಮೊದಲೇ ಪಿ.ಇ. ಬರೆಯಲು ಬಿಡುವ ರಾಜ್ಯಗಳಿವೆ, ಟೆಕ್ಸಾಸ್ ಅದರಲ್ಲೊಂದು. ಪಾಸಾದರೂ ಅನುಭವದ ವರ್ಷಗಳು ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ, ಅಷ್ಟೇ.

ಇನ್ನು ಟ್ರಾನ್ಸ್‌ಫರ್. ಅದು ಟ್ರಾನ್ಸ್‌ಫರ್ ಅಲ್ಲ, ಎರಡನೇ ರಾಜ್ಯಕ್ಕೆ ಹೊಸ ಅರ್ಜಿ. ಕಾಮಿಟಿ ಅಂತಾರೆ. ಪಾಸಾದ ಎಫ್.ಇ., ಪಿ.ಇ. ಮತ್ತೆ ಬರೆಯಬೇಕಿಲ್ಲ. ಆದರೆ ನಿಮ್ಮ ಡಿಗ್ರಿ, ಅನುಭವ ಎಲ್ಲವನ್ನೂ ಆ ಬೋರ್ಡ್ ತನ್ನ ನಿಯಮದ ಪ್ರಕಾರ ಮತ್ತೆ ತೂಗುತ್ತದೆ.

ಇನ್ನೊಂದು ಮಾತು. ಹೆಚ್ಚು ವರ್ಷದ ಅನುಭವ ಇದ್ದವರಿಗೆ ಎಫ್.ಇ. ಮಾಫಿ ಮಾಡುವ ರಾಜ್ಯಗಳಿವೆ. ಆ ದಾರಿ ಹಿಡಿಯಬೇಡಿ. ಮಾಫಿಯನ್ನು ಒಪ್ಪದ ರಾಜ್ಯಕ್ಕೆ ಹೋದ ದಿನ, ಕಾಲೇಜು ಬಿಟ್ಟು ಎಷ್ಟೋ ವರ್ಷವಾದ ಮೇಲೆ, ಕ್ಯಾಲ್ಕುಲಸ್ ಹಿಡಿದು ಕೂರಬೇಕಾಗುತ್ತದೆ.

ಮಾರ್ಕ್ಸ್‌ಕಾರ್ಡ್_ಮೇಡಂ

ಡಿಗ್ರಿ ವಿಷಯ ನಾನು ಹೇಳ್ತೀನಿ, ನಮ್ಮವರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳೋದು ಇಲ್ಲೇ.

ಬೋರ್ಡ್ ನೋಡೋದು ಬ್ಯಾಚಲರ್ ಡಿಗ್ರಿಯನ್ನ, ಅದಕ್ಕೆ ಎಬಿಇಟಿ (ಎಂಜಿನಿಯರಿಂಗ್ ಕೋರ್ಸುಗಳನ್ನ ಮಾನ್ಯ ಮಾಡೋ ಅಮೆರಿಕದ ಸಂಸ್ಥೆ) ಮಾನ್ಯತೆ ಇದೆಯಾ ಅಂತ. ಇಲ್ಲಿನ ಎಂ.ಎಸ್. ಇದೆ ಅಂದ ಮಾತ್ರಕ್ಕೆ ಅಲ್ಲಿನ ಬಿ.ಇ. ತಾನಾಗಿ ಸರಿಹೋಗಲ್ಲ. ಎಂ.ಎಸ್. ಮಾಡಿದ ಯೂನಿವರ್ಸಿಟಿಯಲ್ಲಿ ಅದೇ ವಿಷಯದ ಬಿ.ಎಸ್.ಗೆ ಎಬಿಇಟಿ ಮಾನ್ಯತೆ ಇದ್ದರೆ ಕೆಲವು ಬೋರ್ಡ್‌ಗಳು ಅದನ್ನು ಪರಿಗಣಿಸುತ್ತವೆ. ನಿಮ್ಮ ಬೋರ್ಡ್‌ಗೆ ಇಮೇಲ್ ಮಾಡಿ, ಲಿಖಿತ ಉತ್ತರ ಇಟ್ಟುಕೊಳ್ಳಿ. ಫೋನಿನಲ್ಲಿ "ಪರವಾಗಿಲ್ಲ" ಅಂದದ್ದು ಫೈಲಿಗೆ ಬರಲ್ಲ.

ಇಲ್ಲದಿದ್ದರೆ ಎನ್‌ಸಿಇಇಎಸ್ ಕ್ರೆಡೆನ್ಷಿಯಲ್ಸ್ ಇವ್ಯಾಲ್ಯುಯೇಶನ್, ಅಂದರೆ ನಿಮ್ಮ ಡಿಗ್ರಿಯನ್ನ ಇಲ್ಲಿನ ಡಿಗ್ರಿಗೆ ಹೋಲಿಸಿ ನೋಡೋದು. ಅವರು ನಿಮ್ಮ ಒಂದೊಂದು ವಿಷಯವನ್ನೂ ತಮ್ಮ ಲೆಕ್ಕದ ಖಾನೆಗೆ ಹಾಕ್ತಾರೆ: ಗಣಿತ ಮತ್ತು ಮೂಲ ವಿಜ್ಞಾನಕ್ಕೆ 32 ಸೆಮಿಸ್ಟರ್ ಕ್ರೆಡಿಟ್, ಎಂಜಿನಿಯರಿಂಗ್ ಸೈನ್ಸ್ ಮತ್ತು ಡಿಸೈನ್‌ಗೆ 48, ಇವಲ್ಲದೆ ಜನರಲ್ ಎಜುಕೇಶನ್ (ಎಂಜಿನಿಯರಿಂಗ್ ಅಲ್ಲದ ಸಾಮಾನ್ಯ ವಿಷಯಗಳು). ಎಂಜಿನಿಯರಿಂಗ್ ಖಾನೆ ನಮ್ಮವರಿಗೆ ತುಂಬಿ ತುಳುಕುತ್ತೆ. ಕೊರತೆ ಬೀಳೋದು ಉಳಿದೆರಡರಲ್ಲಿ, ಅದರಲ್ಲೂ ಜನರಲ್ ಎಜುಕೇಶನ್‌ನಲ್ಲಿ. ಕಾನ್‌ಸ್ಟಿಟ್ಯೂಶನ್, ಎನ್ವಿರಾನ್‌ಮೆಂಟಲ್ ಸ್ಟಡೀಸ್, ಮ್ಯಾನೇಜ್‌ಮೆಂಟ್ ಇಂಥ ಪೇಪರುಗಳ ಸಿಲಬಸ್ ಬಿಡದೆ ಕಳಿಸಿ. ಸಿಲಬಸ್ ಇಲ್ಲದ ವಿಷಯದ ಲೆಕ್ಕ ಹಿಡಿಸೋದು ಕಷ್ಟ. ಆಮೇಲೂ ಕೊರತೆ ಉಳಿದರೆ ಕಮ್ಯುನಿಟಿ ಕಾಲೇಜಿನ ಕೋರ್ಸ್‌ನಿಂದ ತುಂಬಿಸಬಹುದು, ಆದರೆ ಯಾವ ಕೋರ್ಸ್ ನಡೆಯುತ್ತೆ ಅಂತ ಮೊದಲು ಬೋರ್ಡ್‌ನಿಂದ ಕೇಳಿ.

ವಿ.ಟಿ.ಯು.ಗೆ ಸಿ.ಬಿ.ಸಿ.ಎಸ್. (ಕ್ರೆಡಿಟ್ ಪದ್ಧತಿ) ಬಂದದ್ದು 2015ರಲ್ಲಿ. ನಿಮ್ಮ 2010ರ ಸ್ಕೀಮ್‌ನಲ್ಲಿ ಕ್ರೆಡಿಟ್ಟೇ ಇಲ್ಲ, ವಾರಕ್ಕೆ ಎಷ್ಟು ಗಂಟೆ ಅನ್ನೋದು ಮಾತ್ರ ಇದೆ. ಹಾಗಾಗಿ ಸ್ಕೀಮ್ ಆಫ್ ಟೀಚಿಂಗ್ ಪುಟ ಕೂಡ ಸೇರಿಸಿ. 1998ಕ್ಕೆ ಮುಂಚೆ ಸೇರಿದವರ ಡಿಗ್ರಿ ಬೆಂಗಳೂರು, ಮೈಸೂರು ಇತ್ಯಾದಿ ವಿಶ್ವವಿದ್ಯಾಲಯದ್ದು. ಟ್ರಾನ್ಸ್‌ಕ್ರಿಪ್ಟ್ ಕೇಳಬೇಕಾದ್ದೂ ಅಲ್ಲೇ, ಕಾಲೇಜಿನಲ್ಲಲ್ಲ. ನಿಮ್ಮ ಕೈಲಿರೋ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿ ಕಳಿಸಿದರೆ ಆಗಲ್ಲ. ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದಲೇ ಹೋಗಬೇಕು.

"ಭಾರತ ವಾಷಿಂಗ್ಟನ್ ಅಕಾರ್ಡ್‌ನಲ್ಲಿದೆಯಲ್ಲ" ಅಂತ ಯಾರಾದರೂ ಕೇಳೇ ಕೇಳ್ತಾರೆ. ಇದೆ, 2014ರಿಂದ; ಒಂದು ದೇಶ ಮಾನ್ಯ ಮಾಡಿದ ಎಂಜಿನಿಯರಿಂಗ್ ಕೋರ್ಸನ್ನ ಇನ್ನೊಂದು ದೇಶ ಒಪ್ಪೋ ಒಪ್ಪಂದ ಅದು. ಆದರೆ ಅದು ಎನ್.ಬಿ.ಎ. (ಭಾರತದ ಮಾನ್ಯತಾ ಮಂಡಳಿ) ಟಿಯರ್-1 ಮಾನ್ಯತೆ ಇದ್ದ ಕೋರ್ಸ್‌ಗಳಿಗೆ ಮಾತ್ರ. ಸ್ವಾಯತ್ತತೆ ಇಲ್ಲದ ಅಫಿಲಿಯೇಟೆಡ್ ಕಾಲೇಜುಗಳದ್ದು ಟಿಯರ್-2, ಅದು ಒಪ್ಪಂದದೊಳಗೆ ಬರಲ್ಲ. ಅಲ್ಲದೆ ಅಮೆರಿಕದ ಕಡೆಯಿಂದ ಸಹಿ ಹಾಕಿರೋದು ಎಬಿಇಟಿ, ರಾಜ್ಯದ ಬೋರ್ಡ್‌ಗಳಲ್ಲ.

ಹೆಸರಿನ ಬಗ್ಗೆಯೂ ಈಗಲೇ ನೋಡಿಕೊಳ್ಳಿ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಮತ್ತು ಎರಡು ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ತಂದೆ ಹೆಸರು ಸರ್‌ನೇಮ್ ಜಾಗದಲ್ಲಿ, ಡ್ರೈವಿಂಗ್ ಲೈಸೆನ್ಸಿನಲ್ಲಿ ಮೂರನೇ ರೂಪ. ಎನ್‌ಸಿಇಇಎಸ್ ಖಾತೆಯ ಮೊದಲ ಮತ್ತು ಕೊನೆಯ ಹೆಸರು ಪರೀಕ್ಷೆಗೆ ಒಯ್ಯೋ ಗುರುತಿನ ಚೀಟಿಗೆ ತಾಳೆಯಾಗಲೇಬೇಕು. ಆಗದಿದ್ದರೆ ಬಾಗಿಲಲ್ಲೇ ವಾಪಸ್, ಶುಲ್ಕವೂ ಹೋಯಿತು.

ಬೀಮ್_ಬಸಣ್ಣ

ಮೇಡಂ ಅವರು ಹೇಳಿದ್ದು ಖರೆ. ನಾ ಪರೀಕ್ಷೆ ಕಡೆ ಬರ್ತೀನಿ.

ಎಫ್.ಇ. ಅಂದ್ರ 110 ಪ್ರಶ್ನೆ, ಬರಿಯಾಕ 5 ಗಂಟೆ 20 ನಿಮಿಷ. ಒಂದಕ್ಕ ಮೂರು ನಿಮಿಷನೂ ಪೂರ್ತಿ ಸಿಗಂಗಿಲ್ಲ. ಪಿ.ಇ. ಸಿವಿಲ್ 80 ಪ್ರಶ್ನೆ, 8 ಗಂಟೆ, ಅಂದ್ರ ಒಂದಕ್ಕ 6 ನಿಮಿಷ. ಎರಡೂ ಪಿಯರ್ಸನ್ ವ್ಯೂ ಸೆಂಟರಿನ ಕಂಪ್ಯೂಟರ್ ಮ್ಯಾಲೆ, ವರ್ಷ ಪೂರ್ತಿ ಇರ್ತಾವ. ತಪ್ಪು ಉತ್ತರಕ್ಕ ಅಂಕ ಕಡಿತ ಇಲ್ಲ, ಒಂದೂ ಖಾಲಿ ಬಿಡಬ್ಯಾಡ್ರಿ. ಮೊದಲ ಭಾಗ ಸಬ್‌ಮಿಟ್ ಮಾಡಿ ಬ್ರೇಕಿಗೆ ಎದ್ರ ಆ ಪ್ರಶ್ನೆಗಳಿಗೆ ಮತ್ತ ಹೋಗಾಕ ಬರಂಗಿಲ್ಲ. ಫೇಲಾದ್ರ ಮೂರು ತಿಂಗಳ ಅವಧಿಗೆ ಒಂದು ಸಲ, 12 ತಿಂಗಳಿಗೆ ಮೂರು ಸಲ ಮಾತ್ರ ಬರೀಬಹುದು; ಕೆಲವು ರಾಜ್ಯದಾಗ ಇನ್ನೂ ಬಿಗಿ ಐತಿ.

ಕ್ಯಾಲ್ಕುಲೇಟರ್: ಕ್ಯಾಸಿಯೋ ಎಫ್ಎಕ್ಸ್-115 ಇಲ್ಲಾ ಎಫ್ಎಕ್ಸ್-991, ಟಿ.ಐ.-30ಎಕ್ಸ್ ಇಲ್ಲಾ ಟಿ.ಐ.-36ಎಕ್ಸ್, ಎಚ್.ಪಿ. 33ಎಸ್ ಇಲ್ಲಾ 35ಎಸ್. ಕಾಲೇಜಿನಾಗ ಬಳಸಿದ 991 ನಡೀತೈತಿ. ಅದರ ಬಟನ್ ಬೆರಳಿಗೆ ಕೂತಿರ್ತಾವ, ಹೊಸಾದು ಕೊಳ್ಳಾಕ ಹೋಗಬ್ಯಾಡ್ರಿ.

ಸಿವಿಲ್‌ದಾಗ 2024ರ ಏಪ್ರಿಲ್‌ದಿಂದ ಬದಲಾವಣೆ ಆಗೈತಿ. ಮುಂಜಾನಿ ಎಲ್ಲಾರಿಗೂ ಒಂದೇ ಪೇಪರ್ ಅನ್ನೋದು ಈಗಿಲ್ಲ. ಸ್ಟ್ರಕ್ಚರಲ್, ಜಿಯೋಟೆಕ್ನಿಕಲ್, ಟ್ರಾನ್ಸ್‌ಪೋರ್ಟೇಶನ್, ಕನ್‌ಸ್ಟ್ರಕ್ಷನ್, ವಾಟರ್ ರಿಸೋರ್ಸಸ್, ಈ ಐದರಾಗ ಒಂದು ಆರಿಸಿಕೊಂಡ್ರ 80 ಪ್ರಶ್ನೆನೂ ಆ ವಿಷಯದ ವ್ಯಾಪ್ತಿಯೊಳಗೇ ಇರ್ತಾವ. ಹಳೇ ಪುಸ್ತಕ ಅಗ್ಗಕ್ಕ ಸಿಗ್ತಾವಂತ ತಗೋಬ್ಯಾಡ್ರಿ.

ಈಗ ಅಸಲಿ ಮಾತು. ಪುಸ್ತಕ ಒಯ್ಯಂಗಿಲ್ಲ, ಕೋಡ್ (ವಿನ್ಯಾಸದ ನಿಯಮದ ಪುಸ್ತಕ) ಎಲ್ಲಾ ಪರದೆ ಮ್ಯಾಲೆ ಪಿ.ಡಿ.ಎಫ್. ಒಂದು ಕೋಡಿನ ಒಂದೇ ಅಧ್ಯಾಯ ಒಂದು ಸಲಕ್ಕ ತೆರೀತೈತಿ, ಸರ್ಚ್ ಮಾಡಿದ್ರ ತೆರೆದಿರೋ ಅಧ್ಯಾಯದಾಗ ಅಷ್ಟೇ ಹುಡುಕ್ತೈತಿ. ಬೀಮಿನ ರಾಡಿಗೆ ಡೆವಲಪ್‌ಮೆಂಟ್ ಲೆಂಗ್ತ್ (ರಾಡ್ ಕಾಂಕ್ರೀಟಿನೊಳಗ ಹಿಡಿದು ನಿಲ್ಲಾಕ ಬೇಕಾದ ಉದ್ದ) ಕೇಳ್ಯಾರ ಅನ್ನ್ರಿ. ಬೀಮ್ ಅಂತ ಕಾಂಕ್ರೀಟ್ ಕೋಡ್ ಎಸಿಐ 318ರ 9ನೇ ಅಧ್ಯಾಯ ತೆರೆದ್ರ ಅದು "25.4 ನೋಡು" ಅಂತೈತಿ. ಆ ಸೂತ್ರ ಇರೋದು 25ನೇ ಅಧ್ಯಾಯದಾಗ. ಸೀದಾ 25 ತೆರೆದಾವ ಒಂದು ನಿಮಿಷ ಉಳಿಸ್ಕೋತಾನ. ಉಕ್ಕಿನ ಕೋಡ್ ಎಐಎಸ್‌ಸಿಯೊಳಗ ಕಾಲಮ್ಮಿಗೆ ಇ ಅಧ್ಯಾಯ, ಬಾಗುವಿಕೆಗೆ ಎಫ್ ಅಧ್ಯಾಯ. ಲೋಡಿನ ಕೋಡ್ ಎಎಸ್‌ಸಿಇ 7ರಾಗ ಭೂಕಂಪದ ಕಟ್ಟಡಕ್ಕ 12, ಗಾಳಿಗೆ 26ರಿಂದ ಮುಂದ. ಸೂತ್ರಕ್ಕಿಂತ ಮೊದಲ ಈ ಅಧ್ಯಾಯದ ನಂಬರ್ ಬಾಯಿಪಾಠ ಮಾಡ್ರಿ.

ಭಾರತದ ಕಾಂಕ್ರೀಟ್ ಕೋಡ್ ಐ.ಎಸ್. 456 ಕಲಿತ ಕೈಗೆ ಎರಡು ಕಡೆ ಪೆಟ್ಟು ಬೀಳ್ತೈತಿ. ನಮ್ಮ ಕಾಂಕ್ರೀಟ್ ಗ್ರೇಡ್ ಕ್ಯೂಬಿನ ಬಲ, ಇವರದು ಸಿಲಿಂಡರಿನ ಬಲ. ಸಿಲಿಂಡರ್ ಅಂದಾಜು ಕ್ಯೂಬಿನ 0.8ರಷ್ಟು ಬರ್ತೈತಿ. ನಮ್ಮಲ್ಲಿ ಡೆಡ್ ಲೋಡ್ (ಕಟ್ಟಡದ ಸ್ವಂತ ಭಾರ), ಲೈವ್ ಲೋಡ್ (ಬಳಕೆಯ ಭಾರ) ಎರಡಕ್ಕೂ ಗುಣಾಂಕ 1.5, ಇಲ್ಲಿ 1.2 ಮತ್ತ 1.6, ಅದರ ಮ್ಯಾಲೆ ಸಾಮರ್ಥ್ಯಕ್ಕ ಫೈ (ಅದನ್ನ ತಗ್ಗಿಸೋ ಗುಣಾಂಕ) ಗುಣಾಕಾರ. ಇದನ್ನ ಕಲಸುಮೇಲೋಗರ ಮಾಡಿದ್ರ ಬರೋ ಉತ್ತರ ಆಯ್ಕೆಯೊಳಗ ಇದ್ದೇ ಇರ್ತೈತಿ, ಅದೇ ಮೋಸ.

ಮಲೆನಾಡು_ಮೆಕ್ಯಾನಿಕಲ್

ನಡುವೆ ಬಾಯಿ ಹಾಕ್ತಿದ್ದೇನೆ. ಕಾರ್ಖಾನೆಯಲ್ಲಿ ಡಿಸೈನ್ ಮಾಡುವ ಮೆಕ್ಯಾನಿಕಲ್‌ನವರಿಗೆ ಪಿ.ಇ. ಬೇಕೇ ಬೇಕಾ? ಮತ್ತೆ ಸಾಫ್ಟ್‌ವೇರಿನವರಿಗೂ ಇದೆ ಅಂತಾರಲ್ಲ?

ನೀರುಗಂಟಿ

ಬಹಳಷ್ಟು ರಾಜ್ಯಗಳಲ್ಲಿ ಇಂಡಸ್ಟ್ರಿಯಲ್ ಎಕ್ಸೆಂಪ್ಶನ್ ಇದೆ. ಕಂಪನಿಯೊಳಗೆ, ಕಂಪನಿಯ ಉತ್ಪನ್ನಕ್ಕಾಗಿ ಮಾಡುವ ಕೆಲಸಕ್ಕೆ ಲೈಸೆನ್ಸ್ ಬೇಡ. ಸಾರ್ವಜನಿಕರಿಗೆ ನೇರವಾಗಿ ಸೇವೆ ಕೊಟ್ಟರೆ, ಕಟ್ಟಡದ ಎಚ್‌ವಿಎಸಿ (ತಂಪು-ಬಿಸಿ ಗಾಳಿ ವ್ಯವಸ್ಥೆ) ನಕ್ಷೆ ಪರ್ಮಿಟ್‌ಗೆ ಹೋದರೆ, ಬೇಕು. ಸಾಫ್ಟ್‌ವೇರ್ ಪಿ.ಇ. ಪರೀಕ್ಷೆ ಇತ್ತು. ಬರೆಯುವವರೇ ಇಲ್ಲದೆ 2019ರ ಏಪ್ರಿಲ್ ಆದ ಮೇಲೆ ನಿಲ್ಲಿಸಿದರು.

ಹೆಸರಿನ ಮುಂದೆ "ಎಂಜಿನಿಯರ್" ಅಂತ ಹಾಕಿಕೊಳ್ಳುವ ಪ್ರಶ್ನೆಯೂ ಇದಕ್ಕೇ ಅಂಟಿಕೊಂಡಿದೆ. ಟ್ರಾಫಿಕ್ ಸಿಗ್ನಲ್‌ನ ಹಳದಿ ದೀಪದ ಲೆಕ್ಕ ಪ್ರಶ್ನಿಸಿ ಬರೆದ ಮಾಟ್ಸ್ ಯಾರ್ಲ್‌ಸ್ಟ್ರೋಮ್‌ಗೆ ಒರೆಗಾನ್ ಬೋರ್ಡ್ 500 ಡಾಲರ್ ದಂಡ ಹಾಕಿತ್ತು. 2018ರಲ್ಲಿ ಫೆಡರಲ್ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಹಾಗಂತ ಲೈಸೆನ್ಸ್ ಇಲ್ಲದೆ ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಕೊಂಡು ಸೇವೆ ಮಾರಬಹುದು ಅಂತ ಅರ್ಥವಲ್ಲ. ಎಫ್.ಇ. ಪಾಸಾಗಿ ಬೋರ್ಡ್‌ನಿಂದ ಇ.ಐ.ಟಿ. (ಎಂಜಿನಿಯರ್ ಇನ್ ಟ್ರೈನಿಂಗ್) ಪ್ರಮಾಣಪತ್ರ ಪಡೆದವರು ಇ.ಐ.ಟಿ. ಅಂತಲೇ ಬರೆಯಿರಿ, ಸುರಕ್ಷಿತ.

ಕಾವೇರಿ_ಟು_ಕ್ಯಾಲಿ

ಹೊಸ_ಸಿವಿಲ್ ಅವರೇ, ಕ್ಯಾಲಿಫೋರ್ನಿಯಾದಲ್ಲಿ ಸಿವಿಲ್‌ಗೆ ಮಾತ್ರ ಎರಡು ಹೆಚ್ಚುವರಿ ಪರೀಕ್ಷೆ: ಸೀಸ್ಮಿಕ್ ಪ್ರಿನ್ಸಿಪಲ್ಸ್ ಮತ್ತು ಎಂಜಿನಿಯರಿಂಗ್ ಸರ್ವೇಯಿಂಗ್. ಒಂದೊಂದಕ್ಕೂ 55 ಪ್ರಶ್ನೆ, ಎರಡೂವರೆ ಗಂಟೆ. ಬೇರೆ ರಾಜ್ಯದಲ್ಲಿ ಎಷ್ಟೇ ವರ್ಷದ ಪಿ.ಇ. ಆಗಿದ್ದರೂ ಇವನ್ನು ಬರೆಯಲೇಬೇಕು. ಇವಲ್ಲದೆ ಕಾನೂನು-ನಿಯಮಗಳ ಟೇಕ್-ಹೋಮ್ ಪರೀಕ್ಷೆ, ಲೈವ್ ಸ್ಕ್ಯಾನ್ ಬೆರಳಚ್ಚು.

ಸ್ಟ್ರಕ್ಚರಲ್‌ನವರು ಸೀಸ್ಮಿಕ್ ಸುಲಭ ಅಂದುಕೊಂಡು ಸರ್ವೇಯಲ್ಲಿ ಬೀಳುತ್ತಾರೆ. ಲೆವೆಲಿಂಗ್, ಟ್ರಾವರ್ಸ್, ವರ್ಟಿಕಲ್ ಕರ್ವ್, ಅರ್ಥ್‌ವರ್ಕ್ ಪ್ರಮಾಣ, ಇವೆಲ್ಲ ಕಾಲೇಜು ಬಿಟ್ಟ ಮೇಲೆ ಮುಟ್ಟಿರುವುದಿಲ್ಲ. 100 ಅಡಿಯ ಸ್ಟೇಶನ್ ಲೆಕ್ಕ (12+50 ಅಂದರೆ 1,250 ಅಡಿ) ಮೀಟರಿನಲ್ಲಿ ಕಲಿತವರನ್ನು ಮೊದಮೊದಲು ತಡವರಿಸುವಂತೆ ಮಾಡುತ್ತದೆ. ವೇಗವೇ ಇಲ್ಲಿ ಸಮಸ್ಯೆ, ಒಂದು ಪ್ರಶ್ನೆಗೆ ಮೂರು ನಿಮಿಷಕ್ಕಿಂತ ಕಡಿಮೆ. ಸೀಸ್ಮಿಕ್‌ನಲ್ಲಿ ಬೇಸ್ ಶಿಯರ್, ಡಯಾಫ್ರಾಮ್, ಡ್ರಿಫ್ಟ್, ಇರೆಗ್ಯುಲಾರಿಟಿ ಇವನ್ನು ಎಎಸ್‌ಸಿಇ 7ರ ಕ್ರಮದಲ್ಲೇ ಕಲಿಯಿರಿ, ಭಾರತದ ಭೂಕಂಪ ಕೋಡ್ ಐ.ಎಸ್. 1893ರ ಝೋನ್ ಫ್ಯಾಕ್ಟರ್ ತಲೆಯಿಂದ ತೆಗೆದುಬಿಡಿ.

ಅನುಭವದ ಲೆಕ್ಕ ಇಲ್ಲಿ ಬೇರೆ. ಒಟ್ಟು 6 ವರ್ಷ, ಅದರೊಳಗೆ ಓದೂ ಸೇರುತ್ತದೆ. ಎಬಿಇಟಿ ಡಿಗ್ರಿಗೆ 4 ವರ್ಷ ಕೊಡುತ್ತಾರೆ, ಉಳಿದ ಎಂಜಿನಿಯರಿಂಗ್ ಡಿಗ್ರಿಗೆ 2. ಎಂ.ಎಸ್.ಗೂ ಲೆಕ್ಕ ಸಿಗುತ್ತದೆ. ಅಂದರೆ ಟೆಕ್ಸಾಸ್‌ಗಿಂತ ಇಲ್ಲಿ ಬೇಗ ಅರ್ಹತೆ ಬರುವುದೂ ಉಂಟು. ಆದರೆ ಕಡಿಮೆ ಅನುಭವದಲ್ಲಿ ಇಲ್ಲಿ ಲೈಸೆನ್ಸ್ ಪಡೆದವರು 4 ವರ್ಷ ತುಂಬದೆ ಬೇರೆ ರಾಜ್ಯಕ್ಕೆ ಅರ್ಜಿ ಹಾಕಿದರೆ ಅಲ್ಲಿ ತಡೆಯುತ್ತಾರೆ.

ಇನ್ನೊಂದು: ಸಿವಿಲ್ ಪಿ.ಇ. ಸಿಕ್ಕಿತು ಅಂದರೆ ಎಲ್ಲ ಕಟ್ಟಡಕ್ಕೂ ಸೀಲ್ ಒತ್ತಬಹುದು ಅಂತಲ್ಲ. ಆಸ್ಪತ್ರೆ, ಸಾರ್ವಜನಿಕ ಶಾಲೆಗಳ ಸ್ಟ್ರಕ್ಚರಲ್ ವಿನ್ಯಾಸಕ್ಕೆ ಎಸ್.ಇ. (ಸ್ಟ್ರಕ್ಚರಲ್ ಎಂಜಿನಿಯರ್) ಲೈಸೆನ್ಸ್ ಬೇಕು. ಇಲಿನಾಯ್‌ನಲ್ಲಂತೂ ಸ್ಟ್ರಕ್ಚರಲ್ ಲೈಸೆನ್ಸೇ ಪ್ರತ್ಯೇಕ. ಎಸ್.ಇ. ಪರೀಕ್ಷೆ 2024ರಿಂದ ಕಂಪ್ಯೂಟರಿಗೆ ಬಂದು ನಾಲ್ಕು ಭಾಗವಾಗಿದೆ, ವರ್ಟಿಕಲ್ ಮತ್ತು ಲ್ಯಾಟರಲ್, ಎರಡರಲ್ಲೂ ಬ್ರೆಡ್ತ್ ಮತ್ತು ಡೆಪ್ತ್. ಅದು ಬೇರೆಯದೇ ಚರ್ಚೆ.

ಹೊಸ_ಸಿವಿಲ್

ತುಂಬಾ ಧನ್ಯವಾದ. ಅನುಭವದ ಪತ್ರ ಹೇಗೆ ಬರೆಯೋದು? ನನ್ನ ಹಳೆ ಮೇಲಧಿಕಾರಿ ಕಂಪನಿ ಬಿಟ್ಟಿದ್ದಾರೆ.

ಮಾರ್ಕ್ಸ್‌ಕಾರ್ಡ್_ಮೇಡಂ

ಅವರ ಹೊಸ ಇಮೇಲ್ ಇವತ್ತೇ ಹಿಡಿಯಿರಿ. ಪರಿಶೀಲಿಸುವವರು ಅದೇ ಕಂಪನಿಯಲ್ಲಿ ಇರಬೇಕು ಅಂತಿಲ್ಲ, ಆ ಅವಧಿಯಲ್ಲಿ ನಿಮ್ಮ ಕೆಲಸ ನೋಡಿರಬೇಕು, ಪಿ.ಇ. ಆಗಿರಬೇಕು. ಟೆಕ್ಸಾಸ್ ಬೋರ್ಡ್ ಈ ಅನುಭವದ ವರದಿಯನ್ನ ಎಸ್.ಇ.ಆರ್. ಅನ್ನುತ್ತೆ, ಜೊತೆಗೆ ಕನಿಷ್ಠ ಮೂವರು ಪಿ.ಇ.ಗಳ ರೆಫರೆನ್ಸ್ ಕೇಳುತ್ತೆ. ಎನ್‌ಸಿಇಇಎಸ್ ರೆಕಾರ್ಡ್ (ಬೇರೆ ಬೇರೆ ರಾಜ್ಯಕ್ಕೆ ಕಳಿಸಬಹುದಾದ ನಿಮ್ಮ ಒಟ್ಟು ದಾಖಲೆ) ಮಾಡಿಸಿದರೆ ಐದು ಜನ ಬೇಕು, ಅದರಲ್ಲಿ ಮೂವರು ಪಿ.ಇ. ಎರಡು ರಾಜ್ಯದ ಯೋಚನೆ ಇರೋದರಿಂದ ನಿಮಗೆ ರೆಕಾರ್ಡ್ ಲಾಭ. ಒಮ್ಮೆ ಪರಿಶೀಲನೆಯಾದದ್ದು ಅಲ್ಲೇ ಉಳಿಯುತ್ತೆ, ಐದು ವರ್ಷ ಬಿಟ್ಟು ಯಾರನ್ನೂ ಹುಡುಕಿಕೊಂಡು ಹೋಗಬೇಕಿಲ್ಲ.

ಬರೆಯೋ ರೀತಿ: "ನಾವು ಸೇತುವೆ ವಿನ್ಯಾಸ ಮಾಡಿದೆವು" ಅಂದರೆ ವಾಪಸ್ ಬರುತ್ತೆ. ನೀವೊಬ್ಬರೇ ಏನು ಮಾಡಿದಿರಿ ಅನ್ನೋದು ಬೇಕು. "80 ಅಡಿ ಸ್ಪ್ಯಾನಿನ ಪ್ರೀಸ್ಟ್ರೆಸ್ಡ್ ಗರ್ಡರಿಗೆ ಲೈವ್ ಲೋಡ್ ಡಿಸ್ಟ್ರಿಬ್ಯೂಶನ್ ಲೆಕ್ಕ ಹಾಕಿದೆ, ಸ್ಟ್ರ್ಯಾಂಡ್ ಸಂಖ್ಯೆ ನಿರ್ಧರಿಸಿದೆ, ಬೇರಿಂಗ್ ಆಯ್ಕೆ ಮಾಡಿದೆ" ಹೀಗೆ. ಡ್ರಾಫ್ಟಿಂಗ್, ಸೈಟ್ ಭೇಟಿ, ಮೀಟಿಂಗ್ ಇವನ್ನೇ ತುಂಬಿಸಿದರೆ ಎಂಜಿನಿಯರಿಂಗ್ ಅನುಭವ ಅಂತ ಎಣಿಸಲ್ಲ. ವರ್ಷ ಕಳೆದಂತೆ ಜವಾಬ್ದಾರಿ ಏರಿದ್ದು ಕಾಣಬೇಕು. ತಾರೀಖುಗಳು ಒಂದರ ಮೇಲೊಂದು ಬೀಳಬಾರದು, ಎಂ.ಎಸ್. ಅವಧಿಯನ್ನ ಓದಿಗೂ ಕೆಲಸಕ್ಕೂ ಎರಡು ಸಲ ತೋರಿಸಿದರೆ ಪ್ರಶ್ನೆ ಬರುತ್ತೆ. ಕೆಲಸವಿಲ್ಲದ ತಿಂಗಳಿದ್ದರೆ ಹಾಗೇ ಬರೆಯಿರಿ.

ಟೆಕ್ಸಾಸ್‌ಗೆ ಉಳಿದದ್ದು ನಡವಳಿಕೆ-ನೀತಿಯ ಆನ್‌ಲೈನ್ ಪರೀಕ್ಷೆ ಮತ್ತು ಬೆರಳಚ್ಚು. ಲೈಸೆನ್ಸ್ ಬಂದ ಮೇಲೆ ವರ್ಷಕ್ಕೆ 15 ಗಂಟೆ ಕಲಿಕೆ, ಅದರಲ್ಲಿ 1 ಗಂಟೆ ನೀತಿ. ಕ್ಯಾಲಿಫೋರ್ನಿಯಾ ಇಂಥ ಗಂಟೆಗಳನ್ನ ಕೇಳಲ್ಲ, ನ್ಯೂಯಾರ್ಕ್ ಮೂರು ವರ್ಷಕ್ಕೆ 36 ಕೇಳುತ್ತೆ.

ಬೀಮ್_ಬಸಣ್ಣ

ರಾಜ್ಯ ಆತು, ಇನ್ನ ಊರಿನ ನಿಯಮ. ಇದನ್ನ ಯಾರೂ ಹೇಳಂಗಿಲ್ಲ.

ನ್ಯೂಯಾರ್ಕ್ ಸಿಟಿಯೊಳಗ ರಾಜ್ಯದ ಲೈಸೆನ್ಸ್ ಇದ್ರೂ ಡಿಪಾರ್ಟ್‌ಮೆಂಟ್ ಆಫ್ ಬಿಲ್ಡಿಂಗ್ಸ್‌ನ ಡಿಒಬಿ ನೌ ಖಾತೆ ಇಲ್ಲದ ಫೈಲಿಂಗ್ ಆಗಂಗಿಲ್ಲ. ಆರು ಅಂತಸ್ತಿಗಿಂತ ಎತ್ತರದ ಕಟ್ಟಡಕ್ಕ ಐದು ವರ್ಷಕ್ಕೊಮ್ಮೆ ಹೊರಗೋಡೆ ತಪಾಸಣೆ, 1998ರ ಲೋಕಲ್ ಲಾ 11 ಅಂತ ಜನ ಕರೀತಾರ. ಅದನ್ನ ಮಾಡಾಕ ಪಿ.ಇ. ಒಂದೇ ಸಾಲದು, ಬ್ಯಾರೆ ಅರ್ಹತೆನೂ ಬೇಕು. ಫ್ಲೋರಿಡಾದಾಗ 2021ರಲ್ಲಿ ಸರ್ಫ್‌ಸೈಡಿನ ಕಟ್ಟಡ ಕುಸಿದು 98 ಮಂದಿ ಸತ್ತ ಮ್ಯಾಲೆ, ಮೂರು ಅಂತಸ್ತು ಮತ್ತ ಅದಕ್ಕೂ ಎತ್ತರದ ಕಾಂಡೋಗೆ (ಫ್ಲ್ಯಾಟ್ ಮಾಲೀಕರ ಕಟ್ಟಡಕ್ಕ) 30 ವರ್ಷಕ್ಕ ಮೈಲ್‌ಸ್ಟೋನ್ ತಪಾಸಣೆ ಕಡ್ಡಾಯ ಆತು, ಮುಂದ 10 ವರ್ಷಕ್ಕೊಮ್ಮೆ. ನಿಮ್ಮ ಟೆಕ್ಸಾಸ್‌ದಾಗ ಕರಾವಳಿಯ 14 ಕೌಂಟಿ ಮತ್ತ ಹ್ಯಾರಿಸ್ ಕೌಂಟಿಯ ಒಂದು ಭಾಗಕ್ಕ ವಿಂಡ್‌ಸ್ಟಾರ್ಮ್ ಸರ್ಟಿಫಿಕೇಟ್ ಐತಿ, ಅದು ವಿಮೆ ಇಲಾಖೆ ಕೈಯಾಗಿನ ವ್ಯವಹಾರ.

ಕೋಡಿನ ಆವೃತ್ತಿನೂ ಊರಿಂದೂರಿಗೆ ಬ್ಯಾರೆ ಇರಬಹುದು. ಕಟ್ಟಡ ಕೋಡ್ ಐಬಿಸಿಯ 2015ರ ಆವೃತ್ತಿ ಹಿಡಿದ ಊರಿಗೆ ಎಎಸ್‌ಸಿಇ 7-10 (ಎಎಸ್‌ಸಿಇ 7ರ 2010ರ ಆವೃತ್ತಿ), 2018 ಇಲ್ಲಾ 2021 ಹಿಡಿದಲ್ಲಿ 7-16, 2024 ಹಿಡಿದಲ್ಲಿ 7-22. ಇದು ಬರೇ ನಂಬರ್ ಅಲ್ರಿ. 7-16ರಾಗ ಹಿಮದ ಲೋಡಿಗೆ 1.6 ಗುಣಾಂಕ, 7-22ರಾಗ ಹಿಮದ ನಕ್ಷೆಯ ಮೌಲ್ಯನೇ ದೊಡ್ಡದು ಮಾಡಿ ಗುಣಾಂಕ 1.0 ಮಾಡ್ಯಾರ. ಹಳೇ ನಕ್ಷೆ ಮೌಲ್ಯಕ್ಕ ಹೊಸ 1.0 ಹಾಕಿದ್ರ ಚಾವಣಿ ದುರ್ಬಲ ಆತು. ಪ್ಲ್ಯಾನ್ ಚೆಕರ್ ಹಿಡಿದ್ರ ಪುಣ್ಯ.

ಹೊಸ_ಸಿವಿಲ್

ಕೊನೆಯ ಪ್ರಶ್ನೆ. ನಕ್ಷೆ ಬೆಂಗಳೂರಿನ ತಂಡ ಮಾಡಿ, ಇಲ್ಲಿಯ ಪಿ.ಇ. ಸೀಲ್ ಹಾಕೋದು ಸರಿಯಾ?

ನೀರುಗಂಟಿ

ಯಾವ ಊರಲ್ಲಿ ಗೆರೆ ಎಳೆದರು ಅನ್ನುವುದಲ್ಲ ಪ್ರಶ್ನೆ. ಲೋಡ್ ಯಾವುದು, ಸಿಸ್ಟಮ್ ಯಾವುದು ಅಂತ ನಿರ್ಧರಿಸಿ, ಕೆಲಸ ನಡೆಯುವಾಗಲೇ ನೋಡಿ ತಿದ್ದಿ, ಬೇಡವೆನ್ನುವ ಅಧಿಕಾರ ನಿಮ್ಮ ಕೈಲಿತ್ತಾ? ಇದ್ದರೆ ಅದು ರೆಸ್ಪಾನ್ಸಿಬಲ್ ಚಾರ್ಜ್. ಮುಗಿದ ಹಾಳೆ ಕೈಗೆ ಬಂದ ಮೇಲೆ ತಿರುವಿ ಹಾಕಿ ಸೀಲ್ ಒತ್ತಿದರೆ ಅದು ಪ್ಲ್ಯಾನ್ ಸ್ಟ್ಯಾಂಪಿಂಗ್, ಲೈಸೆನ್ಸೇ ಹೋಗಬಹುದು. ಮಾರ್ಕಪ್ ಮಾಡಿದ ಪ್ರತಿಗಳು, ಇಮೇಲ್, ಲೆಕ್ಕದ ಹಾಳೆ ಎಲ್ಲ ಇಟ್ಟುಕೊಳ್ಳಿ.

ಟೆಕ್ಸಾಸ್‌ನಲ್ಲಿ ಸೀಲ್ ಹಾಕಿದ ಹಾಳೆಯಲ್ಲಿ ಸಂಸ್ಥೆಯ ಹೆಸರು ಮತ್ತು ಎಫ್ ಅಕ್ಷರದ ನೋಂದಣಿ ಸಂಖ್ಯೆಯೂ ಇರಬೇಕು. ಇನ್ನೂ ಮುಗಿಯದ ನಕ್ಷೆ ಹೊರಗೆ ಕಳಿಸುವಾಗ ಸೀಲ್ ಬೇಡ. ಅದರ ಬದಲು ಇದು ಮಧ್ಯಂತರ ಪರಿಶೀಲನೆಗೆ, ನಿರ್ಮಾಣಕ್ಕಾಗಲಿ ಬಿಡ್ಡಿಂಗ್‌ಗಾಗಲಿ ಪರ್ಮಿಟ್‌ಗಾಗಲಿ ಬಳಸಬಾರದು ಅಂತ ಒಕ್ಕಣೆ, ಕೆಳಗೆ ಎಂಜಿನಿಯರ್ ಹೆಸರು, ಲೈಸೆನ್ಸ್ ಸಂಖ್ಯೆ, ತಾರೀಖು. ಟೈಟಲ್ ಬ್ಲಾಕ್‌ನಲ್ಲಿ ಇದಕ್ಕೆ ಮೊದಲೇ ಜಾಗ ಬಿಟ್ಟಿರಿ; ಕೊನೆಯ ಗಳಿಗೆಯಲ್ಲಿ ಹಾಕಲು ಹೋದರೆ ಇಪ್ಪತ್ತು ಹಾಳೆಯಲ್ಲಿ ಮೂರಕ್ಕೆ ಬಿಟ್ಟುಹೋಗಿರುತ್ತದೆ.